ಯಾರ ಕಡೆಯವರು ನೀವು?

ಬೆಂಗಳೂರಿನಲ್ಲಿ ದೊಡ್ಡ ಕಟ್ಟಡ ಏಳುತ್ತಿರುವ ಯಾವ ಜಾಗಕ್ಕಾದರೂ ಬೆಳಗಿನ ಹೊತ್ತು ಹೋಗಿ ನಿಂತರೆ ಗೇಟಿನಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿಸುತ್ತದೆ: ‘ಯಾರ ಕಡೆಯವರು ನೀವು?’ ಬಂದವರ ಹೆಸರನ್ನಾಗಲಿ, ಊರನ್ನಾಗಲಿ, ಬಲ್ಲ ಕಸುಬನ್ನಾಗಲಿ ಕಾವಲುಗಾರ ಕೇಳುವುದಿಲ್ಲ. ಇಂಥ ಮೇಸ್ತ್ರಿಯ ಕಡೆಯವರು ಎಂದರೆ ಒಳಗೆ ಬಿಡುತ್ತಾನೆ. ಯಾರ ಕಡೆಯವರೂ ಅಲ್ಲದವರು ರಸ್ತೆಯ ಆಚೆ ಬದಿಯಲ್ಲಿ ಬುತ್ತಿಯ ಚೀಲ ಹಿಡಿದು ನಿಲ್ಲಬೇಕು. ಬ್ಯಾಂಕಿನ ನೌಕರಿಯಿಂದ ನಿವೃತ್ತನಾದ ಮೇಲೆ ನಾನು ವಲಸೆ ಕಾರ್ಮಿಕರ ಸಹಾಯ ಕೇಂದ್ರವೊಂದರಲ್ಲಿ ಭಾನುವಾರಗಳಂದು ಕುಳಿತು ಅರ್ಜಿ ಬರೆದುಕೊಡುವ, ಲೆಕ್ಕ ನೋಡಿಕೊಡುವ ಕೆಲಸ ಹಿಡಿದೆ. ಅಲ್ಲಿಗೆ ಬರುವವರ ಮಾತು ಕೇಳುತ್ತ ಕೇಳುತ್ತ ಈ ಪ್ರಶ್ನೆಯೇ ಇಡೀ ಕೂಲಿ ಮಾರುಕಟ್ಟೆಯ ಬೀಗದ ಕೈ ಎಂಬುದು ನನಗೆ ಮನದಟ್ಟಾಯಿತು.

ಈ ಮಾರುಕಟ್ಟೆ ನಡೆಯುವುದು ಪರಿಚಯದ ಮೇಲೆ. ನಾನು ನೌಕರಿಗೆ ಸೇರಿದ ಕಾಲದಲ್ಲಿ ಬ್ಯಾಂಕಿನಲ್ಲಿಯೂ ಹಾಗೆಯೇ ಇತ್ತು. ಹೊಸದಾಗಿ ಖಾತೆ ತೆರೆಯಬೇಕಾದವರು ಆಗಲೇ ಖಾತೆ ಇರುವವರೊಬ್ಬರಿಂದ ಪರಿಚಯದ ಸಹಿ ಹಾಕಿಸಿಕೊಂಡು ಬರಬೇಕಿತ್ತು. ಆ ಸಹಿ ಸಿಗದೆ ಹಿಂತಿರುಗಿದವರಲ್ಲಿ ಹೆಚ್ಚಿನವರು ಕೂಲಿಯವರೇ. ಕೌಂಟರಿನ ಈಚೆ ಕುಳಿತಿದ್ದ ನನಗೆ ಆಗ ಅದು ಬರೀ ನಿಯಮವಾಗಿ ಕಂಡಿತ್ತು.

ಯಾದಗಿರಿ, ರಾಯಚೂರು, ಕಲಬುರಗಿ ಸೀಮೆಯಲ್ಲಿ ಊರು ಬಿಟ್ಟು ದುಡಿಯಲು ಹೋಗುವುದಕ್ಕೆ ಗುಳೆ ಹೋಗುವುದು ಎನ್ನುತ್ತಾರೆ. ನಾರಾಯಣಪುರದ ಕಾಲುವೆಯ ನೀರು ಮುಟ್ಟಿದ ಹೊಲಗಳಲ್ಲಿ ಭತ್ತ ಬೆಳೆಯುತ್ತಾರೆ. ನೀರು ಮುಟ್ಟದ ಊರುಗಳಲ್ಲಿ, ಅದರಲ್ಲೂ ತಾಂಡಾಗಳಲ್ಲಿ, ತೊಗರಿಯ ಕೆಲಸ ಮುಗಿಯುತ್ತಿದ್ದಂತೆ ಮನೆಗಳಿಗೆ ಬೀಗ ಬೀಳುತ್ತವೆ, ಮುದುಕರು ಮತ್ತು ಶಾಲೆಗೆ ಹೋಗುವ ಒಂದಿಬ್ಬರು ಮಕ್ಕಳು ಉಳಿಯುತ್ತಾರೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ಮುದುಡಿ ಕೂತು ಬರುವ ಈ ಕುಟುಂಬಗಳಿಗೆ ಬೆಂಗಳೂರಿನಲ್ಲಿ ಗೊತ್ತಿರುವ ಮನುಷ್ಯ ಒಬ್ಬನೇ, ಅವರನ್ನು ಕರೆತಂದ ಮೇಸ್ತ್ರಿ. ಊರಿನಲ್ಲಿಯೇ ಇಪ್ಪತ್ತೋ ಮೂವತ್ತೋ ಸಾವಿರ ಮುಂಗಡ ಕೊಟ್ಟವನು ಅವನೇ, ತಗಡಿನ ಶೆಡ್ಡು ತೋರಿಸುವವನು ಅವನೇ, ಹಾಜರಿ ಬರೆದುಕೊಳ್ಳುವವನು ಅವನೇ, ವಾರಕ್ಕೊಮ್ಮೆ ಹೊಟ್ಟೆಗೆಂದು ಖರ್ಚಿ ಕೊಡುವವನೂ ಅವನೇ. ಉಳಿದ ಕೂಲಿ ಊರಿಗೆ ಮರಳುವಾಗ ಚುಕ್ತಾ ಆಗಬೇಕು. ಅಷ್ಟರವರೆಗೆ ಅದು ಅವನ ನೆನಪಿನಲ್ಲಿ, ಅವನ ಪುಸ್ತಕದಲ್ಲಿ ಇರುತ್ತದೆ. ಇದನ್ನು ಬರೆಯುವಾಗ ಮೇಸ್ತ್ರಿಯನ್ನು ಖಳನನ್ನಾಗಿ ಮಾಡಿಬಿಡುವುದು ಸುಲಭ. ಆದರೆ ಅವನೂ ಬಹುತೇಕ ಅದೇ ತಾಲ್ಲೂಕಿನವನು, ಹಲವು ಸಲ ಹತ್ತಿರದ ಸಂಬಂಧಿ, ಹತ್ತು ವರ್ಷದ ಹಿಂದೆ ತಾನೇ ಬುಟ್ಟಿ ಹೊತ್ತವನು. ಬಿಲ್ಡರ್ ಅವನ ಬಿಲ್ಲು ತಡೆಹಿಡಿದಾಗ ಅವನ ಕೈಕೆಳಗಿನವರ ಕೂಲಿ ತಾನಾಗಿಯೇ ತಡೆಯುತ್ತದೆ.

ನಾನು ಕೇಂದ್ರಕ್ಕೆ ಹೋಗತೊಡಗಿದ ಮೊದಲ ತಿಂಗಳಲ್ಲೇ ಬಂದ ಒಂದು ತಕರಾರನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಂಘ ಸಂಸ್ಥೆಗಳು ಈ ಮಾರುಕಟ್ಟೆಯಲ್ಲಿ ನಿಜವಾಗಿ ಏನು ಮಾಡುತ್ತವೆ ಎಂಬುದು ನನಗೆ ಅರ್ಥವಾದದ್ದು ಅದರಿಂದಲೇ. ಸುರಪುರದ ಕಡೆಯ ಗಂಡ ಹೆಂಡತಿ, ಗಂಡಾಳಿಗೆ ದಿನಕ್ಕೆ 700 ರೂಪಾಯಿ, ಹೆಣ್ಣಾಳಿಗೆ 450. ಹನ್ನೆರಡು ವಾರ ದುಡಿದಿದ್ದರು. ಮುಂಗಡ 20,000 ಎಂಬುದರಲ್ಲಿ ಇವರಿಗೂ ಮೇಸ್ತ್ರಿಗೂ ತಕರಾರಿಲ್ಲ. ಉಳಿದದ್ದರಲ್ಲೆಲ್ಲ ತಕರಾರು. ಮೇಸ್ತ್ರಿಯ ಪ್ರಕಾರ ದುಡಿದದ್ದು 58 ದಿನ, ಖರ್ಚಿ ವಾರಕ್ಕೆ 2,000. ಹಾಗಾಗಿ ಬರಬೇಕಾದದ್ದು 22,700. ಇವರ ಪ್ರಕಾರ 71 ದಿನ, ಖರ್ಚಿ ವಾರಕ್ಕೆ 1,500, ಬರಬೇಕಾದದ್ದು 43,650. ಇಂಥ ಲೆಕ್ಕದಲ್ಲಿ ಕೂಲಿಯವರ ಮಾತಿಗೆ ಪುರಾವೆ ಇರುವುದಿಲ್ಲ. ಆದರೆ ಈತ ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಅಂಗೈಯಗಲದ ಡೈರಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಹಿಂದಿನ ವರ್ಷ ಕೇಂದ್ರದವರೇ ಶೆಡ್ಡುಗಳಿಗೆ ಹೋಗಿ ಹಂಚಿದ್ದ ಹಾಜರಿ ಡೈರಿ ಅದು. ಅದರಲ್ಲಿ ಒಂದೂ ಅಕ್ಷರವಿರಲಿಲ್ಲ. ದಿನಕ್ಕೊಂದು ನೆಟ್ಟನೆಯ ಗೆರೆ, ಅರ್ಧ ದಿನಕ್ಕೆ ಓರೆ ಗೆರೆ, ಕೆಲಸವಿಲ್ಲದ ದಿನಕ್ಕೆ ಸೊನ್ನೆ, ಖರ್ಚಿ ಸಿಕ್ಕ ಶನಿವಾರ ನೋಟು ಎಷ್ಟೋ ಅಷ್ಟು ಚೌಕಗಳು.

‘ಓದ್ಲಾಕ ಬರಂಗಿಲ್ರೀ ಸರ, ಎಣಸ್ಲಾಕ ಬರ್ತದ’ ಎಂದ.

ಕೇಂದ್ರದ ಕೆಲಸ ನೋಡಿಕೊಳ್ಳುವ ಹೆಣ್ಣುಮಗಳು ರಾಯಚೂರು ಕಡೆಯವರು. ಬಂದವರೆಲ್ಲರಿಗೂ ಅವರು ‘ಅಕ್ಕಾರು’. ಬಿಲ್ಡರ್ ಕಂಪನಿಗೆ ನೋಟಿಸು ಬರೆಯೋಣ ಎಂದು ನಾನು ಪೆನ್ನು ತೆಗೆದಾಗ ಅವರು ತಡೆದು, ಮೊದಲು ಮೇಸ್ತ್ರಿಗೆ ಫೋನು ಮಾಡಿದರು. ದನಿ ಏರಿಸಲಿಲ್ಲ, ಕಾನೂನಿನ ಹೆಸರು ಹೇಳಲಿಲ್ಲ. ‘ಅಣ್ಣ, ಬರೂ ಭಾನುವಾರ ನಿಮ್ಮ ಪುಸ್ತಕ ತಗೊಂಡು ಬರ್ರಿ, ಎರಡೂ ಕೂಡೇ ಇಟ್ಟು ಲೆಕ್ಕ ನೋಡೂಣು’ ಎಂದರು. ಅವನು ಬಂದ. ಬಾರದೆ ಇದ್ದಿದ್ದರೆ ಮುಂದಿನ ಹಂಗಾಮಿನಲ್ಲಿ ಆ ಊರಿನಿಂದ ಆಳು ತರುವುದು ಕಷ್ಟವಾಗುತ್ತಿತ್ತು ಎಂಬುದು ಅವನಿಗೆ ಗೊತ್ತಿತ್ತು, ಅಕ್ಕಾರಿಗೂ ಗೊತ್ತಿತ್ತು. ಕೇಂದ್ರದ ಸಂಗಡ ಕೆಲಸ ಮಾಡುವ ಸಂಘದವರು ಆ ಊರಿನಲ್ಲಿಯೂ ಇದ್ದಾರೆ. ಎರಡು ಗಂಟೆ ಗೆರೆಗಳನ್ನು ಎಣಿಸಿದೆವು. ಮಳೆಯಿಂದ ಕಾಂಕ್ರೀಟು ನಿಂತ ಮೂರು ದಿನಗಳನ್ನು ಈತ ಬಿಟ್ಟುಕೊಟ್ಟ, ಖರ್ಚಿಯ ಲೆಕ್ಕದಲ್ಲಿ ಮೇಸ್ತ್ರಿ ಸೋತ. 68 ದಿನಕ್ಕೆ ಇಬ್ಬರದೂ ಸೇರಿ 78,200. ಖರ್ಚಿ, ಮುಂಗಡ ಕಳೆದು 40,200. ‘ನಂದೇ ಬಿಲ್ಲಾಗಿಲ್ರೀ ಅಕ್ಕಾರ, ನಾ ಎಲ್ಲಿಂದ ತರ್ಲಿ’ ಎಂದು ಮೇಸ್ತ್ರಿ ಕೈಚೆಲ್ಲಿದಾಗಲಷ್ಟೇ ಅಕ್ಕಾರು ಬಿಲ್ಡರ್ ಕಂಪನಿಯ ಎಂಜಿನಿಯರಿಗೆ ಫೋನಿಸಿ, ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂಬ ಕಾನೂನಿನ ಮಾತನ್ನು ತಂದರು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿದ್ದ ಈ ಹೊಣೆ, ಅಂಥ ಹಳೆಯ ಕಾಯ್ದೆಗಳ ಬದಲಿಗೆ ಬಂದಿರುವ ಈಗಿನ ಕಾರ್ಮಿಕ ಸಂಹಿತೆಗಳಲ್ಲಿಯೂ ಉಳಿದಿದೆ. ಅದರ ಮರುವಾರ ಮೇಸ್ತ್ರಿಯ ಒಂದು ಬಿಲ್ಲು ಪಾಸಾಯಿತು. ದಂಪತಿಗೆ ಮೊದಲು 25,000, ಹದಿನೈದು ದಿನಗಳ ಮೇಲೆ 15,200 ಬಂತು.

ಕೋರ್ಟಿಗೆ ಹೋಗಿದ್ದರೆ ಪೂರ್ತಿ ಸಿಗುತ್ತಿತ್ತೇ? ಸಿಗಬಹುದಿತ್ತು. ಆದರೆ ಪ್ರತಿ ವಾಯಿದೆಗೂ ಸುರಪುರದಿಂದ ಬಂದು ಹೋಗುವ ಖರ್ಚು, ಆ ದಿನಗಳ ಕೂಲಿ ನಷ್ಟ ಇವನ್ನು ಕೂಡಿಸಿ ನೋಡಿದ ಬ್ಯಾಂಕಿನವನಾದ ನನಗೆ ಮೂರು ದಿನಗಳ ಕೂಲಿ ಬಿಟ್ಟುಕೊಟ್ಟದ್ದು ನಷ್ಟವೆನಿಸಲಿಲ್ಲ. ಇದು ರಾಜಿ, ನ್ಯಾಯವಲ್ಲ ಎಂದು ಒಬ್ಬ ಯುವ ವಕೀಲರು ನನ್ನೊಂದಿಗೆ ವಾದ ಮಾಡಿದ್ದಾರೆ. ಅವರ ಮಾತಿನಲ್ಲಿಯೂ ಹುರುಳಿದೆ. ಹಕ್ಕಿನ ಹಣವನ್ನು ಚೌಕಾಸಿಯ ಸರಕಾಗಿ ಮಾಡಿದರೆ ಮುಂದಿನ ಸಲ ಮೇಸ್ತ್ರಿ ಹತ್ತು ದಿನ ಹೆಚ್ಚಿಗೆ ಅಳಿಸಿಕೊಂಡೇ ಬಂದು ಕೂರುತ್ತಾನೆ.

ಸಂಘಗಳ ಈ ಕೆಲಸಕ್ಕೆ ದೇಶದಲ್ಲಿ ಹಳೆಯ ಇತಿಹಾಸವೇ ಇದೆ. ಉದಯಪುರದಲ್ಲಿ 2005ರಲ್ಲಿ ಹುಟ್ಟಿದ ಆಜೀವಿಕಾ ಬ್ಯೂರೋ ದಕ್ಷಿಣ ರಾಜಸ್ಥಾನದಿಂದ ಗುಜರಾತಿಗೆ, ಮುಂಬಯಿಗೆ ದುಡಿಯಲು ಹೋಗುವವರಿಗಾಗಿ ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಭಾವಚಿತ್ರವಿರುವ ಗುರುತಿನ ಚೀಟಿ ಕೊಡುವುದು. ಆಧಾರ್ ಬರುವ ಮುಂಚಿನ ಮಾತು ಅದು. ಪರಊರಿನಲ್ಲಿ ರಾತ್ರಿ ಪೊಲೀಸರು ತಡೆದರೆ ತೋರಿಸಲು, ಕೊಠಡಿ ಬಾಡಿಗೆಗೆ ಹಿಡಿಯಲು ಈ ಮನುಷ್ಯ ಇಂಥವನು ಎಂದು ಹೇಳುವ ಚೀಟಿ ಬೇಕಾಗಿತ್ತು. ಆ ಸಂಸ್ಥೆಯ ಇನ್ನೊಂದು ಉಪಾಯವನ್ನು ನಾನು ಬಹಳ ಮೆಚ್ಚುತ್ತೇನೆ: ಕಾರ್ಮಿಕರು ಹೊರಡುವ ಊರಿನಲ್ಲಿಯೂ ಕೇಂದ್ರ, ತಲುಪುವ ನಗರದಲ್ಲಿಯೂ ಕೇಂದ್ರ. ಮೇಸ್ತ್ರಿಯ ಬಲವಿರುವುದೇ ಅವನು ಎರಡೂ ಕಡೆ ಇರುವುದರಲ್ಲಿ. ಅವನಿಗೆ ಎದುರಾಗಿ ಕೂತು ಮಾತಾಡಬೇಕಾದ ಸಂಘವೂ ಎರಡೂ ಕಡೆ ಇರಬೇಕಾಗುತ್ತದೆ. ನಗರದಲ್ಲಿ ಮಾತ್ರ ಇರುವ ಸಂಸ್ಥೆ ಫೋನು ಮಾಡಿದರೆ ಮೇಸ್ತ್ರಿ ಸಿಮ್ ಬದಲಿಸುತ್ತಾನೆ, ಅಷ್ಟೇ.

ಕಟ್ಟಡ ಕಾರ್ಮಿಕರಿಗೆ ಇಂದು ಇರುವ ಕಲ್ಯಾಣ ಮಂಡಳಿಯೂ ಸರ್ಕಾರ ತಾನಾಗಿಯೇ ಕರುಣಿಸಿದ್ದಲ್ಲ. 1985ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಅಧ್ಯಕ್ಷತೆಯಲ್ಲಿ ಸೇರಿದ ರಾಷ್ಟ್ರೀಯ ಪ್ರಚಾರ ಸಮಿತಿಯೊಂದು ಕಟ್ಟಡ ಕಾರ್ಮಿಕರಿಗೆ ಕೇಂದ್ರ ಸರ್ಕಾರದ ಕಾನೂನು ಬೇಕೆಂದು ವರ್ಷಗಟ್ಟಲೆ ಪಟ್ಟು ಹಿಡಿಯಿತು. ಅದರ ಹಿಂದೆ ಹಲವು ರಾಜ್ಯಗಳ ಸಣ್ಣಪುಟ್ಟ ಕಟ್ಟಡ ಕಾರ್ಮಿಕ ಸಂಘಗಳಿದ್ದವು. 1996ರಲ್ಲಿ ಕಾಯ್ದೆ ಬಂತು, ಕಟ್ಟಡದ ವೆಚ್ಚದಲ್ಲಿ ಶೇ 1ರಷ್ಟನ್ನು ಸೆಸ್ ಆಗಿ ಕಟ್ಟಿಸಿಕೊಂಡು ಕಾರ್ಮಿಕರ ಕಲ್ಯಾಣಕ್ಕೆ ಇಡುವ ವ್ಯವಸ್ಥೆ ಬಂತು. ಕರ್ನಾಟಕದ ನಿಯಮಗಳು ಬರಲು ಇನ್ನೂ ಹತ್ತು ವರ್ಷ ಹಿಡಿದು 2006 ಆಯಿತು. ಆ ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕಾದರೆ ವಯಸ್ಸು 18ರಿಂದ 60ರೊಳಗೆ ಇರಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದೃಢೀಕರಣ ಇರಬೇಕು. ಮತ್ತದೇ ಪ್ರಶ್ನೆ: ನೀನು ದುಡಿದೆ ಎಂದು ಹೇಳುವವರು ಯಾರು? ಮೂರು ಜಾಗ, ಮೂವರು ಮೇಸ್ತ್ರಿಗಳು, ಒಬ್ಬರೂ ಸಹಿ ಹಾಕಲೊಲ್ಲರು. ಸಹಿ ಹಾಕಿದರೆ ತಮ್ಮ ಕೈಕೆಳಗೆ ಇಷ್ಟು ಜನರಿದ್ದರು ಎಂದು ಒಪ್ಪಿಕೊಂಡಂತೆ. ಆ ಹೊತ್ತಿಗೆ ಕಾರ್ಮಿಕ ಸಂಘದ ದೃಢೀಕರಣವೇ ಹಲವರಿಗೆ ದಾರಿಯಾಯಿತು.

ಇದೇ ದಾರಿಯಲ್ಲಿ ಕಳ್ಳರೂ ನುಗ್ಗಿದರು. ಸಿಮೆಂಟು ಮುಟ್ಟದವರ ಕೈಯಲ್ಲಿಯೂ ಮಂಡಳಿ ಕೊಡುವ ಲೇಬರ್ ಕಾರ್ಡು ಕಾಣಿಸಿಕೊಂಡವು, ಹಣ ಪಡೆದು ಕಾರ್ಡು ಮಾಡಿಸಿಕೊಡುವ ಅಂಗಡಿಗಳು ಹುಟ್ಟಿಕೊಂಡವು, ಕೊನೆಗೆ ಇಲಾಖೆ ನಕಲಿ ಕಾರ್ಡುಗಳನ್ನು ಹುಡುಕಿ ರದ್ದುಪಡಿಸತೊಡಗಿತು. ಸಂಘದ ಲೆಟರ್‌ಹೆಡ್ ಇದ್ದ ಮಾತ್ರಕ್ಕೆ ಎಲ್ಲರೂ ಸಜ್ಜನರಲ್ಲ ಎಂಬುದನ್ನು ಇಲ್ಲಿ ಮುಚ್ಚಿಡಲಾರೆ. ಕೇಂದ್ರದಲ್ಲಿ ಅಕ್ಕಾರು ದೃಢೀಕರಣಕ್ಕೆ ಬಂದವರ ಅಂಗೈ ನೋಡುತ್ತಾರೆ, ನಂತರ ‘ಒಂದು ಮೂಟೆ ಸಿಮೆಂಟಿಗೆ ಎಷ್ಟು ಬುಟ್ಟಿ ಮರಳು ಹಾಕ್ತೀರಿ’ ಎಂದು ಕೇಳುತ್ತಾರೆ. ಉತ್ತರ ಕೊಡಲು ತಡವರಿಸಿದವರ ಅರ್ಜಿ ಮುಂದಕ್ಕೆ ಹೋಗುವುದಿಲ್ಲ.

ಈ ಕಾರ್ಡಿನ ಬೆಲೆ ಏನೆಂದು ಎಲ್ಲರಿಗೂ ತಿಳಿದದ್ದು 2020ರಲ್ಲಿ. ಲಾಕ್‌ಡೌನ್ ಕಾಲದಲ್ಲಿ ಕರ್ನಾಟಕ ಸರ್ಕಾರ ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಮೊದಲು 2,000, ಬಳಿಕ 3,000 ರೂಪಾಯಿ ಘೋಷಿಸಿತು. ಒಂದೇ ಶೆಡ್ಡಿನಲ್ಲಿ ಗೋಡೆ ಹಂಚಿಕೊಂಡಿದ್ದ ಎರಡು ಕುಟುಂಬಗಳಲ್ಲಿ ಒಂದಕ್ಕೆ ಹಣ ಬಂತು, ಇನ್ನೊಂದಕ್ಕೆ ಬರಲಿಲ್ಲ. ಆ ವರ್ಷ ನಾನಿನ್ನೂ ನೌಕರಿಯಲ್ಲಿದ್ದೆ. ಸಂಜೆಗಳಲ್ಲಿ ಸಹಾಯವಾಣಿಯೊಂದಕ್ಕೆ ಬರುತ್ತಿದ್ದ ಕರೆಗಳನ್ನು ಕನ್ನಡದಲ್ಲಿ, ಬರುವಷ್ಟು ಹಿಂದಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಕೇಳಬೇಕಾದ ಪ್ರಶ್ನೆಗಳು ನಾಲ್ಕೇ: ಎಷ್ಟು ಜನ ಇದ್ದೀರಿ, ಎಲ್ಲಿ ಇದ್ದೀರಿ, ಎಷ್ಟು ದಿನದ ಅಕ್ಕಿ ಇದೆ, ಕೈಯಲ್ಲಿ ಎಷ್ಟು ಹಣ ಇದೆ. ಎರಡನೆಯದಕ್ಕೆ ಉತ್ತರ ಹೇಳುವುದೇ ಅವರಿಗೆ ಅತಿ ಕಷ್ಟವಾಗಿತ್ತು. ಎಂಟು ತಿಂಗಳಿಂದ ಇರುವ ಬಡಾವಣೆಯ ಹೆಸರು ಅವರಿಗೆ ತಿಳಿದಿರಲಿಲ್ಲ, ‘ದೊಡ್ಡ ಟವರಿನ ಹಿಂದ’ ಎನ್ನುತ್ತಿದ್ದರು. ಅದೇ ವರ್ಷದ ಮಾರ್ಚ್ ಕೊನೆಯಲ್ಲಿ ದೇಶದ ಬೇರೆಬೇರೆ ಕಡೆಯ ಸ್ವಯಂಸೇವಕರು ಕಟ್ಟಿಕೊಂಡ ‘ಸ್ವಾನ್’ ಎಂಬ ಜಾಲ ಏಪ್ರಿಲ್ ನಡುವಿನಲ್ಲಿ ಹೊರತಂದ ವರದಿಯಲ್ಲಿ ತಾನು ಮಾತಾಡಿಸಿದ 11,159 ಕಾರ್ಮಿಕರ ಲೆಕ್ಕ ಕೊಟ್ಟಿತು: ಶೇ 96ರಷ್ಟು ಜನರಿಗೆ ಸರ್ಕಾರದ ಪಡಿತರ ತಲುಪಿರಲಿಲ್ಲ, ಶೇ 89ರಷ್ಟು ಜನರಿಗೆ ಲಾಕ್‌ಡೌನ್ ಅವಧಿಯ ಕೂಲಿ ಮಾಲೀಕರಿಂದ ಬಂದಿರಲಿಲ್ಲ. ಸರ್ಕಾರದ ಬಳಿ ಇಲ್ಲದ ಲೆಕ್ಕ ಸ್ವಯಂಸೇವಕರ ಫೋನುಗಳಲ್ಲಿ ಇತ್ತು.

ಬೆಂಗಳೂರಿಗೆ ಸಂಬಂಧಿಸಿ ಆ ಮೇ ತಿಂಗಳ ಒಂದು ಘಟನೆಯನ್ನು ನಾನು ಮರೆಯಲಾರೆ. ಮೇ 5ರಂದು ಮುಖ್ಯಮಂತ್ರಿಗಳು ಬಿಲ್ಡರುಗಳೊಂದಿಗೆ ಸಭೆ ನಡೆಸಿದ ಬೆನ್ನಲ್ಲೇ ರಾಜ್ಯ ಸರ್ಕಾರ ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ಶ್ರಮಿಕ್ ರೈಲುಗಳು ಬೇಡವೆಂದು ರೈಲ್ವೆಗೆ ಬರೆಯಿತು. ಕಟ್ಟಡ ಕೆಲಸ ಮತ್ತೆ ಶುರುವಾಗಬೇಕಾದರೆ ಆಳುಗಳು ಊರು ಸೇರಬಾರದಲ್ಲ! ಕಾರ್ಮಿಕ ಸಂಘಟನೆಗಳು ಎಬ್ಬಿಸಿದ ಗದ್ದಲ ದೇಶದ ಕಿವಿಗೆ ಬಿದ್ದು ಎರಡೇ ದಿನಗಳಲ್ಲಿ ನಿರ್ಧಾರ ಹಿಂದೆ ಸರಿಯಿತು. ರೈಲಿನ ಟಿಕೆಟ್ಟಿನ ಹಣ ಯಾರು ಕೊಡಬೇಕೆಂಬುದನ್ನು ಹೈಕೋರ್ಟಿನ ಮುಂದೆ ಒಯ್ದದ್ದೂ ಕಾರ್ಮಿಕ ಸಂಘಟನೆಯೇ. ಅಕ್ಕಿ ಬೇಳೆಯ ಕಿಟ್ಟು ಹಂಚಿದವರನ್ನು ನಾವು ಹೊಗಳಿದೆವು, ಹೊಗಳಬೇಕಾದದ್ದೇ. ಊರಿಗೆ ಹೋಗುವ ಹಕ್ಕಿಗಾಗಿ ಜಗಳ ಮಾಡಿದವರ ಫೋಟೋ ಪತ್ರಿಕೆಗಳಲ್ಲಿ ಅಷ್ಟಾಗಿ ಬರಲಿಲ್ಲ.

ಕಾನೂನಿನ ಒಂದು ವಿಚಿತ್ರವನ್ನೂ ಹೇಳಿಬಿಡುತ್ತೇನೆ. ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿ 1979ರಲ್ಲಿ ಕಾಯ್ದೆ ಬಂತು. ಸುಮಾರು 40 ಕಿಲೋಮೀಟರ್ ದೂರದ ಹೊಸೂರಿನಿಂದ ಗುತ್ತಿಗೆದಾರ ಕರೆತಂದವನು ಬೆಂಗಳೂರಿನಲ್ಲಿ ಆ ಕಾಯ್ದೆಯ ಕಣ್ಣಿಗೆ ವಲಸೆಗಾರನಾಗಿದ್ದ. ಸುಮಾರು 500 ಕಿಲೋಮೀಟರ್ ದಾಟಿ ಯಾದಗಿರಿಯಿಂದ ಬಂದವನು ಆಗಿರಲಿಲ್ಲ. ಅದೇ ಯಾದಗಿರಿಯವನು ಗೋವಾದ ವಾಸ್ಕೋಗೆ ಹೋದರೆ ವಲಸೆಗಾರನಾಗುತ್ತಾನೆ, ಜೊತೆಗೆ ‘ಘಾಟಿ’ ಎಂಬ ಬೈಗುಳವೂ ಸಿಗುತ್ತದೆ. ಈಗ ಬಂದಿರುವ ಸಂಹಿತೆಯಲ್ಲಿ ತಾವಾಗಿಯೇ ಹೊರಟು ಬಂದವರೂ ವಲಸೆ ಕಾರ್ಮಿಕರೆನಿಸಿಕೊಂಡಿದ್ದಾರೆ, ಆದರೆ ರಾಜ್ಯದ ಗಡಿ ದಾಟಿರಬೇಕೆಂಬ ಷರತ್ತು ಹಾಗೆಯೇ ಇದೆ. ರಾಜ್ಯದೊಳಗಿನ ಗುಳೆಯವರಿಗೆ ಹೆಸರಿಲ್ಲ. ಅವರನ್ನು ವಲಸೆಗಾರರೆಂದು ಎಣಿಸಿ, ಶೆಡ್ಡು ಶೆಡ್ಡು ಸುತ್ತಿ ಬರೆದುಕೊಳ್ಳುವವರು ಸಂಘದವರು ಮಾತ್ರ.

ಇಷ್ಟೆಲ್ಲ ಹೇಳಿದ ಮೇಲೆ ಸಂಘಗಳ ಕೈ ಎಲ್ಲಿ ಮೋಟು ಎಂಬುದನ್ನೂ ಹೇಳಬೇಕು. ಕೂಲಿಯ ದರವನ್ನು ಅವು ಹೆಚ್ಚಿಸಲಾರವು. ಬಾಕಿ ಕೂಲಿ ಕೊಡಿಸುವುದರಲ್ಲೇ ಅವುಗಳ ಶಕ್ತಿ ಸವೆಯುತ್ತದೆ. ಮೂರು ವರ್ಷದ ಯೋಜನೆಯ ಹಣ ಮುಗಿದರೆ ಕೇಂದ್ರದ ಬಾಗಿಲು ಮುಚ್ಚುತ್ತದೆ, ಆ ಫೋನ್ ನಂಬರು ಮಾತ್ರ ಸಾವಿರಾರು ಡೈರಿಗಳಲ್ಲಿ ಉಳಿದಿರುತ್ತದೆ. ಆರನೇ ಮಹಡಿಯ ಸಾರುವೆಯಿಂದ ಒಬ್ಬ ಬಿದ್ದು ಸತ್ತರೆ ಪರಿಹಾರ ಕೇಳಲು 1923ರಿಂದಲೂ ಕಾನೂನಿತ್ತು, ಆದರೆ ಹೆಣ ಊರಿಗೆ ಹೋಗುವ ಆಂಬುಲೆನ್ಸಿನ ಬಳಿಯೇ ಐವತ್ತೋ ಅರವತ್ತೋ ಸಾವಿರ ಕೈಗಿಟ್ಟು ಬಿಳಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮಾತು ಕೇಂದ್ರಕ್ಕೆ ಬಂದವರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಸುದ್ದಿ ಕೇಂದ್ರಕ್ಕೆ ಮುಟ್ಟುವ ಹೊತ್ತಿಗೆ ಆ ಆಂಬುಲೆನ್ಸ್ ತುಮಕೂರು ದಾಟಿರುತ್ತದೆ.

ಇನ್ನೊಂದು ಮೋಟು ಹೆಂಗಸರ ವಿಷಯದಲ್ಲಿ. ಮೇಸ್ತ್ರಿಗಳು ಆಳು ಎಣಿಸುವುದು ಜೋಡಿ ಲೆಕ್ಕದಲ್ಲಿ. ಜೋಡಿಗೆ ಇಷ್ಟು ಮುಂಗಡ, ಜೋಡಿಗೆ ಇಷ್ಟು ಖರ್ಚಿ, ಚುಕ್ತಾ ಆಗುವುದು ಗಂಡನ ಕೈಗೆ. ಸಮಾನ ವೇತನದ ಕಾಯ್ದೆ 1976ರದು, ಹೆಣ್ಣಾಳು ಗಂಡಾಳು ಎಂಬ ಎರಡು ದರ ಇಂದಿಗೂ ನಡೆದಿದೆ. ಇದನ್ನು ಕುರಿತು ಕೇಂದ್ರದಲ್ಲಿ ನಾವೂ ಎಚ್ಚೆತ್ತದ್ದು ತಡವಾಗಿಯೇ. 1969ರಲ್ಲಿ ದೆಹಲಿಯ ಕಟ್ಟಡವೊಂದರ ಬಳಿ ಮೊಬೈಲ್ ಕ್ರೆಶಸ್ ಸಂಸ್ಥೆ ಶಿಶುವಿಹಾರ ಆರಂಭಿಸಿದಾಗಲೇ ಹೆಣ್ಣಾಳಿನ ದುಡಿಮೆ ಮಗುವಿನ ಪ್ರಶ್ನೆಯಿಂದ ಬೇರೆಯಲ್ಲ ಎಂದು ಯಾರೋ ಕಂಡುಕೊಂಡಿದ್ದರು. ಮಗು ಮರಳಿನ ಗುಡ್ಡೆಯ ಮೇಲಿದ್ದರೆ ತಾಯಿಯ ಗಮನ ಬುಟ್ಟಿಯ ಮೇಲೆ ಇರಲಾರದು. ನಾವಾದರೋ ಹಾಜರಿ ಡೈರಿಯನ್ನು ಮನೆಗೊಂದರಂತೆ ಹಂಚಿದ್ದೆವು. ಒಂದು ಗೆರೆ ಎಂದರೆ ಇಬ್ಬರ ದಿನ. ಸುರಪುರದವರ 68 ದಿನಗಳನ್ನು ಎಣಿಸುವಾಗ ಆ ಹೆಂಡತಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ನಾವಾರೂ ಆಕೆಯನ್ನು ಒಂದು ಮಾತೂ ಕೇಳಿರಲಿಲ್ಲ.

ಮರುವರ್ಷದಿಂದ ಆಳಿಗೊಂದು ಡೈರಿ ಎಂದು ಅಕ್ಕಾರು ನಿಯಮ ಮಾಡಿದರು. ಸಂಕ್ರಾಂತಿಯ ಮೇಲೆ ಅದೇ ಜೋಡಿ ಬೇರೊಬ್ಬ ಮೇಸ್ತ್ರಿಯ ಕಡೆ ಬಂದಿತ್ತು; ಯುಗಾದಿಗೆ ಊರಿಗೆ ಹೋಗುವ ಮುಂಚೆ ಲೆಕ್ಕ ನೋಡಿಸಿಕೊಳ್ಳಲು ಕೇಂದ್ರಕ್ಕೆ ಬಂದರು. ಈ ಸಲ ಮೇಜಿನ ಮೇಲೆ ಎರಡು ಡೈರಿ. ಆಕೆಯ ಡೈರಿಯ ಮೇಲೆ ಪೆನ್ಸಿಲ್ಲಿನಲ್ಲಿ ಹೆಸರಿತ್ತು, ಊರಿನಲ್ಲಿ ಅಜ್ಜಿಯ ಬಳಿ ಇದ್ದು ಮೂರನೆಯ ತರಗತಿ ಓದುವ ಮಗಳು ಬರೆದದ್ದಂತೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಗೆರೆ ಎಣಿಸಿದಾಗ ಫೆಬ್ರುವರಿಯಲ್ಲಿ ಆಕೆಯ ಪುಟದಲ್ಲಿ ಮೂರು ಗೆರೆ ಹೆಚ್ಚಿದ್ದವು. ತಪ್ಪಾಗಿ ಎಳೆದಿರಬೇಕೆಂದು ನಾನು ಮತ್ತೊಮ್ಮೆ ಎಣಿಸಿದೆ, ಮತ್ತೆ ಮೂರೇ ಬಂತು.

‘ಇವರಿಗೆ ಜರ ಬಂದಿತ್ರೀ ಸರ, ಮೂರು ದಿನ ನಾ ಒಬ್ಬಾಕಿನೇ ಹೋಗಿದ್ದೆ’ ಎಂದಳು.

ಗಂಡ ಹೌದೆಂದು ತಲೆಯಾಡಿಸಿದ. ಆ ವರ್ಷ ಆಕೆಯ ದರ 500 ಆಗಿತ್ತು. ಮೂರು ದಿನಕ್ಕೆ 1,500 ಎಂದು ಪುಟದ ಕೆಳಗೆ ಬೇರೆಯಾಗಿ ಬರೆದು ಡೈರಿಯನ್ನು ಮರಳಿ ಕೊಟ್ಟೆ. ಆಕೆ ಅದನ್ನು ಗಂಡನ ಡೈರಿಯ ಜೊತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಲಿಲ್ಲ, ಎಲೆ ಅಡಿಕೆಯ ಸಂಚಿಯೊಳಗೆ ಇಟ್ಟುಕೊಂಡಳು.